ಕಿತ್ತಳೆ ಮಾರುವ ಅಜ್ಜಿ

ಗೆಳೆಯರೇ, ಪಕ್ಕದಲ್ಲಿ ಅಂಟಿಸಿರೋ ಚಿತ್ರವನ್ನು ಮೊದಲು ಚೆನ್ನಾಗಿ ನೋಡಿ, ಆಮೇಲೆ ಇದನ್ನು ಓದಿ. ಇದು ಯುರೋಪಿನ ಪೋಲೆಂಡ್ ದೇಶದ ಚಿತ್ರ. ಬರೆದವರ ಹೆಸರು ಅಲೆಕ್ಸಾಂಡರ್ ಗಿಯೆರಿಮ್‌ಸ್ಕಿ (1850–1901). ವಾರ್ಸಾ ನಗರದಲ್ಲಿ 1880-81ರಲ್ಲಿ ಬರೆದರು.

ಚಿತ್ರದಲ್ಲಿ ಇರೋದು ಒಬ್ಬಳೇ ಅಜ್ಜಿ. ಬಡವಳು, ಯಹೂದಿ ಜನಾಂಗದವಳು. ಮೈಮೇಲೆ ದಪ್ಪ ಶಾಲು, ಕೈಯಲ್ಲಿ ಕಿತ್ತಳೆ ಹಣ್ಣಿನ ಬುಟ್ಟಿ. ಹಿಂದುಗಡೆ ಊರಿನ ಮನೆಗಳು ಮಂಜಿನಲ್ಲಿ ಮಸುಕು ಮಸುಕು. ಎಲ್ಲಾ ಕಡೆ ಬೂದು ಬಣ್ಣ, ಕಂದು ಬಣ್ಣ. ಕಿತ್ತಳೆ ಮಾತ್ರ ದೀಪದ ಹಾಗೆ ಹೊಳೀತಾ ಇವೆ. ಪೋಲೆಂಡಿನ ಚಳಿಗೆ ಕಿತ್ತಳೆ ಬೆಳೆಯೋದಿಲ್ಲ, ಬಿಸಿಲಿನ ದೇಶಗಳಿಂದ ಬರಬೇಕು. ಅಜ್ಜಿ ದಿನಾ ಹೊತ್ತು ತಿರುಗಿದ್ರೂ ತಾನು ಒಂದನ್ನಾದ್ರೂ ತಿಂದಿದ್ದಳೋ ಇಲ್ಲವೋ! ಅವಳ ಕಣ್ಣು ನೋಡಿದರೆ ತಿಂದಿಲ್ಲ ಅಂತಲೇ ನನಗನ್ನಿಸುತ್ತೆ.

ಗಿಯೆರಿಮ್‌ಸ್ಕಿಯವರು ವಿಸ್ತುಲಾ ನದಿ ದಂಡೆಯಲ್ಲಿ ಬಡವರು ಇರೋ ಕೇರಿಯನ್ನೇ ಬರೀತಿದ್ದರು. ನದಿಯಲ್ಲಿ ಮರಳು ತೆಗೆಯೋ ಕೂಲಿಗಳನ್ನೂ 1887ರಲ್ಲಿ ಬರೆದಿದ್ದಾರೆ. ಇಂಥವಕ್ಕೆ ಜನಜೀವನದ ಚಿತ್ರ ಅಂತಾರೆ. ಆಗ ಪೋಲೆಂಡಿಗೆ ಸ್ವಾತಂತ್ರ್ಯ ಇರಲಿಲ್ಲ. ಅದಕ್ಕೇ ಜನರಿಗೆ ಹಳೇ ರಾಜರು ಗೆದ್ದ ಯುದ್ಧದ ಚಿತ್ರ ಅಂದ್ರೆ ಪ್ರಾಣ. ಯಾನ್ ಮಟೇಯ್ಕೊ ಅನ್ನುವ ಕಲಾವಿದರು 1410ರ ಗ್ರುನ್‌ವಾಲ್ಡ್ ಯುದ್ಧವನ್ನು ಚಿತ್ರ ಮಾಡಿ 1878ರಲ್ಲಿ ಮುಗಿಸಿದರು. ಅದರ ಅಗಲ ಹತ್ತಿರ ಹತ್ತಿರ 10 ಮೀಟರ್, ಎತ್ತರ 4 ಮೀಟರಿಗೂ ಜಾಸ್ತಿ. ನಮ್ಮ ಕ್ಲಾಸಿನ ಗೋಡೆಗೆ ಹಿಡಿಸೋದಿಲ್ಲ! ನಮ್ಮ ಅಜ್ಜಿಯ ಚಿತ್ರ 65 ಸೆಂ.ಮೀ. ಎತ್ತರ, 54 ಸೆಂ.ಮೀ. ಅಗಲ, ಅಷ್ಟೇ.

1939ರಲ್ಲಿ ಹಿಟ್ಲರನ ಸೈನ್ಯ ಪೋಲೆಂಡಿಗೆ ನುಗ್ಗಿತು. ಯುದ್ಧದ ದೊಡ್ಡ ಚಿತ್ರವನ್ನು ಅಲ್ಲಿನ ಜನ ಸುರುಳಿ ಸುತ್ತಿ ನೆಲದೊಳಗೆ ಹೂತಿಟ್ಟು ಉಳಿಸಿಕೊಂಡರು. ಅಜ್ಜಿಯ ಚಿತ್ರ ವಾರ್ಸಾದ ಮ್ಯೂಸಿಯಂನಿಂದ ಲೂಟಿಯಾಗಿ ಹೋಯ್ತು. ಚಿತ್ರ ಹೋದರೆ ಹೋಗಲಿ ಅನ್ನಬಹುದು. ಆದರೆ ಅಜ್ಜಿಯ ಜನಾಂಗಕ್ಕೆ ಆದದ್ದು ಕೇಳಿದರೆ ಹೊಟ್ಟೆ ಉರಿಯುತ್ತೆ. ಯುದ್ಧಕ್ಕೆ ಮುಂಚೆ ವಾರ್ಸಾದಲ್ಲಿ ಮೂರೂವರೆ ಲಕ್ಷ ಯಹೂದಿಗಳಿದ್ದರು. ಹಣ್ಣು ಮಾರೋರು, ದರ್ಜಿಗಳು, ನಮ್ಮಂಥ ಸ್ಕೂಲ್ ಮಕ್ಕಳು, ಎಲ್ಲರೂ. ಅವರಲ್ಲಿ ಬಹಳ ಜನರನ್ನು ಹಿಟ್ಲರನ ಕಡೆಯವರು ಕೊಂದುಹಾಕಿದರು. ಅವರ ಕೇರಿಯ ಮನೆಗಳನ್ನೂ 1943ರಲ್ಲಿ ಕೆಡವಿಬಿಟ್ಟರು. ಆ ಬೀದಿಗಳಲ್ಲಿ ಇಂಥವರು ಓಡಾಡ್ತಿದ್ದರು ಅಂತ ತೋರಿಸೋಕೆ ಇದ್ದ ಚಿತ್ರಾನೂ ಕಾಣೆಯಾಗಿತ್ತು.

ಅರವತ್ತಕ್ಕೂ ಹೆಚ್ಚು ವರ್ಷ ಸುಳಿವೇ ಇಲ್ಲ. 2010ರಲ್ಲಿ ಜರ್ಮನಿಯ ಬುಕ್ಸ್‌ಟೆಹುಡೆ ಎಂಬ ಸಣ್ಣ ಊರಲ್ಲಿ ಹರಾಜಿಗೆ ಬಂತು! ಇದು ಅದೇ ಅಜ್ಜಿ ಅಂತ ಗುರುತು ಸಿಕ್ಕಿ ಹರಾಜು ನಿಂತಿತು. 2011ರಲ್ಲಿ ವಾರ್ಸಾಕ್ಕೆ ವಾಪಸ್ ಬಂತು. ಬಟ್ಟೆ, ಬಣ್ಣ ಎರಡೂ ಕೆಟ್ಟಿದ್ದವು, ತಿಳಿದವರು ಕೂತು ನಿಧಾನವಾಗಿ ಸರಿಮಾಡಿದರು. ವಾರ್ಸಾದ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಅದನ್ನು ಮತ್ತೆ ಗೋಡೆಗೆ ಹಾಕಿದ್ದಾರೆ. ಆ 10 ಮೀಟರಿನ ಯುದ್ಧದ ಚಿತ್ರಕ್ಕೂ ಅದೇ ಮ್ಯೂಸಿಯಮ್ಮೇ ಮನೆ.