ಸೋಮಾರಿ ಕಣ್ಣಿನ ಹಾದಿ

ಸೇಡಮ್ಮಿನ ನಮ್ಮ ಪ್ರಯೋಗಶಾಲೆಯಲ್ಲಿ ಚಿಂಚೋಳಿಯ ಕಡೆಯ ವಿದ್ಯಾರ್ಥಿಯೊಬ್ಬನು ದೂರದರ್ಶಕಕ್ಕೆ ಯಾವಾಗಲೂ ಬಲಗಣ್ಣನ್ನೇ ಒಡ್ಡುತ್ತಿದ್ದನು. ಎಡಗಣ್ಣಿನಿಂದ ನೋಡೆಂದಾಗ, ನೇತ್ರಮಸೂರವನ್ನು ಎಷ್ಟು ಹಿಂದೆ ಮುಂದೆ ಸರಿಸಿದರೂ ಅಡ್ಡತಂತಿಯು ಅವನಿಗೆ ಸ್ಪಷ್ಟವಾಗಲಿಲ್ಲ. ದೋಷವು ಬರಿಯ ಹ್ರಸ್ವದೃಷ್ಟಿಯದಾಗಿದ್ದರೆ ಮಸೂರದ ಸ್ಥಾನಪಲ್ಲಟದಿಂದಲೇ ಅದು ನೀಗಬೇಕಾಗಿತ್ತು. ನೇತ್ರವೈದ್ಯರು ಪರೀಕ್ಷಿಸಿ, ಅಕ್ಷಿಪಟವು ನಿರ್ದುಷ್ಟವಾಗಿದೆ, ಇದು ‘ಸೋಮಾರಿ ಕಣ್ಣು’ ಎಂದರು. ಶಾಸ್ತ್ರೀಯವಾಗಿ ಇದಕ್ಕೆ ಆಂಬ್ಲಿಯೋಪಿಯಾ ಎಂದು ಹೆಸರು.

ಕಣ್ಣನ್ನು ಸೋಮಾರಿಯೆನ್ನುವುದು ಅನ್ಯಾಯವೇ ಸರಿ. ಶೈಶವದಲ್ಲಿ ಮೆಳ್ಳೆಗಣ್ಣಿನಿಂದಲೋ, ಎರಡು ಕಣ್ಣುಗಳ ಶಕ್ತಿಯ ಅಂತರದಿಂದಲೋ ಒಂದರ ಬಿಂಬವು ಕೆಟ್ಟರೆ ಮಿದುಳು ಅದನ್ನು ಕಡೆಗಣಿಸಲು ಕಲಿಯುತ್ತದೆ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಯ ಒಂದು ಕಣ್ಣನ್ನು ಕೆಲವು ತಿಂಗಳು ಮುಚ್ಚಿಟ್ಟು ತೆರೆದಾಗ, ಮಿದುಳಿನ ದೃಷ್ಟಿಕೋಶಗಳು ಆ ಕಣ್ಣಿಗೆ ಓಗೊಡುವುದನ್ನೇ ಬಹುಮಟ್ಟಿಗೆ ಬಿಟ್ಟಿದ್ದುದನ್ನು 1963ರಲ್ಲಿ ಪ್ರಕಟಿಸಿದರು. 1981ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ದೊರೆಯಿತು.

ಹಾಗಾದರೆ ಕಣ್ಣಿನಿಂದ ಮಿದುಳಿಗೆ ಹೋಗುವ ಹಾದಿಯನ್ನು ಅಳೆಯುವುದು ಹೇಗೆ? ಒಂದು ಕಣ್ಣನ್ನು ಮುಚ್ಚಿ ಪರದೆಯ ಮುಂದೆ ಕೂರಿಸುತ್ತಾರೆ. ಚದುರಂಗದ ಹಾಸಿನಂಥ ಕಪ್ಪು ಬಿಳಿ ಚೌಕಗಳು ಸೆಕೆಂಡಿಗೆ ಸುಮಾರು ಎರಡು ಬಾರಿ ಅದಲುಬದಲಾಗುತ್ತವೆ. ಒಟ್ಟು ಬೆಳಕು ಬದಲಾಗದು. ಚಿತ್ರ ಮಾತ್ರ ಬದಲಾಗುತ್ತದೆ. ಪ್ರತಿ ಬದಲಾವಣೆಯಾದ ಸುಮಾರು 100 ಮಿಲಿಸೆಕೆಂಡುಗಳಿಗೆ ಹಿಂದಲೆಗೆ ಅಂಟಿಸಿದ ಲೋಹದ ಬಿಲ್ಲೆಯಲ್ಲಿ ಒಂದು ವಿದ್ಯುತ್ ತರಂಗ ಮೂಡುತ್ತದೆ. ಅದರ ಎತ್ತರ ಹತ್ತು ಮೈಕ್ರೋವೋಲ್ಟಿನ ಆಸುಪಾಸು. ಮಿದುಳಿನ ಇತರ ವಿದ್ಯುತ್ ಚಟುವಟಿಕೆಯಲ್ಲಿ ಅದು ಮುಳುಗಿಹೋಗಿರುತ್ತದೆ.

ಚಿತ್ತಾಪುರದ ಮೇಲೆ ವಾಡಿ ಜಂಕ್ಷನ್ನಿಗೆ ಬಂದಿಳಿದವರಿಗೆ ಅಲ್ಲಿಯ ಗದ್ದಲ ಗೊತ್ತು. ಅಲ್ಲಿ ಗೆಳೆಯನೊಬ್ಬನು ಕೈಯೆತ್ತಿದ ಮೇಲೆ ಪ್ರತಿಸಲವೂ ಅಷ್ಟೇ ಹೊತ್ತಿಗೆ ಕಿರುಗಂಟೆ ಬಾರಿಸುತ್ತಾನೆನ್ನಿ. ಒಂದು ಸಲ ಕೇಳಿಸದು. ಆದರೆ ಕೈಯೆತ್ತಿದ ಕ್ಷಣದಿಂದ ಮೊದಲಾಗುವ ನೂರು ಧ್ವನಿಮುದ್ರಣಗಳನ್ನು ಕೂಡಿಸಿದರೆ ಗಂಟೆಯ ದನಿ ನೂರ್ಮಡಿಯಾಗುತ್ತದೆ; ಕ್ರಮವಿಲ್ಲದ ಗದ್ದಲವು ನೂರರ ವರ್ಗಮೂಲದಷ್ಟು, ಎಂದರೆ ಹತ್ತು ಮಡಿ ಮಾತ್ರ ಬೆಳೆಯುತ್ತದೆ. 1950ರ ದಶಕದಲ್ಲಿ ಲಂಡನ್ನಿನ ಜಾರ್ಜ್ ಡಾಸನ್ ಈ ಉಪಾಯಕ್ಕೆ ಯಂತ್ರವನ್ನೇ ಕಟ್ಟಿದರು. ಇಂದು ಗಣಕವು ಆ ಕೆಲಸ ಮಾಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಈ ಪರೀಕ್ಷೆಯುಂಟು.

ಸೋಮಾರಿ ಕಣ್ಣಿನ ತರಂಗವು ಗಿಡ್ಡವಾಗಿರುತ್ತದೆ, ಹಲವೊಮ್ಮೆ ತಡವಾಗಿಯೂ ಬರುತ್ತದೆ. ಚೌಕಗಳು ಚಿಕ್ಕವಾದಷ್ಟೂ ವ್ಯತ್ಯಾಸವು ಎದ್ದು ಕಾಣುವುದು. ಆದರೆ ದೃಷ್ಟಿನರದ ಬೇನೆಯಲ್ಲಿಯೂ ತರಂಗ ತಡವಾಗುತ್ತದೆ. ಮನಸ್ಸು ಬೇರೆಡೆ ಹರಿದರೆ ಅದು ಕುಗ್ಗುತ್ತದೆ. ಆದುದರಿಂದ ಇದೊಂದನ್ನೇ ನಂಬಲಾಗದು. ಅಕ್ಷರ ಗುರುತಿಸಿ ಹೇಳಬಲ್ಲ ಮಗುವಿಗೆ ಗೋಡೆಯ ಅಕ್ಷರಫಲಕವೇ ಮೇಲೆಂದು ನನ್ನ ಎಣಿಕೆ; ಮಾತು ಬಾರದ ಕೂಸಿಗೆ ತರಂಗವೇ ಸಾಕ್ಷಿ.

ಕನ್ನಡಕ ಕೊಟ್ಟು ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟುವ ಚಿಕಿತ್ಸೆಯು ಏಳು ವರ್ಷದೊಳಗೆ ಚೆನ್ನಾಗಿ ಫಲಿಸುತ್ತದೆ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹಿಂದೆ ಚಿಕಿತ್ಸೆ ಪಡೆಯದಿದ್ದ 13ರಿಂದ 17 ವರ್ಷದ ಕೆಲವರಿಗೂ ಗುಣ ಕಂಡಿತು. ನಮ್ಮ ವಿದ್ಯಾರ್ಥಿಗೆ ಹತ್ತೊಂಬತ್ತು ತುಂಬಿತ್ತು. ಅವನು ಊರಿಗೆ ಹೋದವನು ಐದು ವರ್ಷದ ತಂಗಿಯ ಕಣ್ಣುಗಳನ್ನು ಒಂದೊಂದಾಗಿ ಮುಚ್ಚಿ, ಗೋಡೆಯ ದಿನದರ್ಶಿಕೆಯ ಅಂಕಿಗಳನ್ನು ಓದಿಸಿದನು. ಬಲಗಣ್ಣು ಮುಚ್ಚಿದೊಡನೆ ಅವಳು ಕೈಯನ್ನು ತಳ್ಳಿಹಾಕಿದಳಂತೆ. ಮರುವಾರವೇ ಅವಳನ್ನು ವೈದ್ಯರಲ್ಲಿಗೆ ಕರೆತಂದರು.