ಗರಗಸ ಓಡುವ ಮುನ್ನ ಚೈನು ನೋಡಿ

2019ರ ಏಪ್ರಿಲ್ 22ರಂದು ಹೈದರಾಬಾದಿನಲ್ಲಿ ಬೀಸಿದ ಬಿರುಗಾಳಿಗೆ ಲಾಲ್ ಬಹದ್ದೂರ್ ಕ್ರೀಡಾಂಗಣದ ದೀಪಸ್ತಂಭವೇ ಉರುಳಿ ಒಬ್ಬರ ಜೀವ ಹೋಯಿತು. ಊರಿನ ಹಲವೆಡೆ ಮರಗಳೂ ನೆಲ ಕಚ್ಚಿದವು. ಮುಂಗಾರಿಗೆ ಮೊದಲಿನ ಇಂಥ ಗಾಳಿಮಳೆ ಈ ನಗರಕ್ಕೆ ಹೊಸದಲ್ಲ. ರಸ್ತೆಬದಿಯ ಗುಲ್‌ಮೊಹರ್ ಮರಗಳ ಬೇರಿಗೆ ಕೆಳಗೆ ಕಲ್ಲುಬಂಡೆ, ಮೇಲೆ ಕಾಂಕ್ರೀಟು, ಆಳಕ್ಕಿಳಿಯಲು ಜಾಗವೆಲ್ಲಿ? ಮರ ಅಡ್ಡ ಬಿದ್ದಾಗ ಜನ ಕಾಯುವುದು ವಿಪತ್ತು ಸ್ಪಂದನಾ ಪಡೆಗೆ, ಅಂದರೆ ಡಿಆರ್‌ಎಫ್ ತಂಡಕ್ಕೆ. ಮೊದಲು ಮಹಾನಗರ ಪಾಲಿಕೆಯ ಕೈಯಲ್ಲಿದ್ದ ಈ ಪಡೆ 2024ರ ಜುಲೈನಲ್ಲಿ ಹುಟ್ಟಿದ, ವಿಪತ್ತು ಸ್ಪಂದನೆ ಹಾಗೂ ಸರ್ಕಾರಿ ಆಸ್ತಿ ರಕ್ಷಣೆಯ ಹೈಡ್ರಾ ಸಂಸ್ಥೆಗೆ ಸೇರಿತು. ಅಪಾರ್ಟ್‌ಮೆಂಟಿನ ಕಾಂಪೌಂಡಿನೊಳಗೆ ಬಿದ್ದ ಮರಕ್ಕಾದರೆ ದಿನಗೂಲಿಯ ಮರ ಕೊಯ್ಯುವವರು ಬರುತ್ತಾರೆ. ಯಾರೇ ಬರಲಿ, ಕೈಯಲ್ಲಿರುವುದು ಚೈನ್ ಗರಗಸ.

ಕತ್ತಲು, ಮಳೆ, ಬೆನ್ನ ಹಿಂದೆ ಹಾರ್ನ್ ಹೊಡೆಯುವ ವಾಹನಗಳ ಸಾಲು. ಈ ಅವಸರದಲ್ಲಿ ಚೈನನ್ನು ಪರೀಕ್ಷಿಸದೆ ಎಂಜಿನ್ ಎಳೆಯುವುದೇ ದೊಡ್ಡ ಅಪಾಯ. ಪೂರ್ತಿ ವೇಗದಲ್ಲಿ ಚೈನು ಸೆಕೆಂಡಿಗೆ 20 ಮೀಟರಿನಷ್ಟು, ಅಂದರೆ ಗಂಟೆಗೆ 70 ಕಿಲೋಮೀಟರ್ ಮೀರಿದ ವೇಗದಲ್ಲಿ ಓಡುತ್ತದೆ. ಸಡಿಲವಾಗಿದ್ದರೆ ತಾನು ಸುತ್ತುವ ಉದ್ದನೆಯ ಲೋಹದ ಪಟ್ಟಿಯಿಂದ, ಅಂದರೆ ಬಾರ್‌ನಿಂದ ಕಳಚಿ ಓಡಿಸುವವನತ್ತಲೇ ಬೀಸುತ್ತದೆ. ಅತಿ ಬಿಗಿಯಾದರೆ ಬಾರ್, ಚೈನು ಎರಡೂ ಕಾದು ಸವೆಯುತ್ತವೆ.

ಚೈನು ಕೂಡಿಸುವ ಕ್ರಮ ಕಷ್ಟದ್ದಲ್ಲ, ಆದರೆ ಒಂದು ಹಂತವನ್ನೂ ಹಾರಿಸುವಂತಿಲ್ಲ. ಎಂಜಿನ್ ನಿಲ್ಲಿಸಿ, ಅದು ಆರಿದ ಮೇಲೆ ದಪ್ಪ ಕೈಗವಸು ತೊಟ್ಟೇ ಕೆಲಸಕ್ಕಿಳಿಯಬೇಕು. ಬ್ಯಾಟರಿ ಯಂತ್ರವಾದರೆ ಮೊದಲು ಬ್ಯಾಟರಿ ಹೊರಗೆ. ಚೈನ್ ಬ್ರೇಕ್ ಬಿಟ್ಟಿರಬೇಕು. ಬ್ರೇಕ್ ಹಿಡಿದಿದ್ದರೆ ಚೈನು ಅಲುಗದೆ, ಬಿಗಿ ಸರಿಯಾಗಿದೆಯೋ ಇಲ್ಲವೋ ತಿಳಿಯದು. ಪಕ್ಕದ ಮುಚ್ಚಳ ತೆಗೆದು ಚೈನನ್ನು ಸ್ಪ್ರಾಕೆಟ್ಟಿಗೆ ಸುತ್ತಿ ಬಾರ್‌ನ ತೋಡಿನಲ್ಲಿ ಕೂರಿಸುವಾಗ ಹಲ್ಲಿನ ದಿಕ್ಕು ನೋಡಬೇಕು: ಬಾರ್‌ನ ಮೇಲಂಚಿನಲ್ಲಿ ಹಲ್ಲಿನ ಹರಿತವಾದ ಬದಿ ಮೂತಿಯತ್ತ ಮುಖ ಮಾಡಿರಬೇಕು. ಹಿಂದುಮುಂದಾದ ಚೈನು ಮರ ಕೊಯ್ಯುವುದಿಲ್ಲ, ಹೊಗೆಯಾಡಿಸುತ್ತದೆ.

ಬಿಗಿಯುವುದರಲ್ಲೇ ನಿಜವಾದ ಕಸುಬು ಇದೆ. ಮುಚ್ಚಳದ ನಟ್ಟುಗಳನ್ನು ಬೆರಳಿನಷ್ಟಕ್ಕೇ ಬಿಗಿದು, ಬಾರ್‌ನ ಮೂತಿಯನ್ನು ಮೇಲೆತ್ತಿ ಹಿಡಿದು, ಚೈನು ಬಾರ್‌ನ ಕೆಳಂಚಿಗೆ ತಾಗುವವರೆಗೆ ಬಿಗಿ ಹೊಂದಿಸುವ ಸ್ಕ್ರೂ ತಿರುಗಿಸಬೇಕು. ಮೂತಿ ಎತ್ತಿ ಹಿಡಿದಂತೆಯೇ ಪಾನಾ ಹಾಕಿ ನಟ್ಟು ಭದ್ರಪಡಿಸಬೇಕು. ಆಮೇಲೆ ಕೈಯಿಂದ ಎಳೆದರೆ ಚೈನು ಸಲೀಸಾಗಿ ಸರಿಯಬೇಕು, ಕೆಳಗೆ ಜೋತು ಬೀಳಬಾರದು. ಹೊಸ ಚೈನು ಮೊದಲ ಕೆಲವು ಕೊಯ್ತಗಳಲ್ಲೇ ಹಿಗ್ಗುತ್ತದೆ, ಹಾಗಾಗಿ ಅದನ್ನು ಪದೇ ಪದೇ ನೋಡಬೇಕು. ಬಿಸಿಯಲ್ಲಿ ಬಿಗಿದ ಚೈನನ್ನು ಕೆಲಸ ಮುಗಿದ ಕೂಡಲೇ ಸ್ವಲ್ಪ ಸಡಿಲಿಸಬೇಕು. ಇಲ್ಲದಿದ್ದರೆ ಆರಿದಾಗ ಅದು ಕುಗ್ಗಿ ಎಂಜಿನ್ನಿನ ದಂಡ, ಬೇರಿಂಗುಗಳನ್ನೇ ಜಗ್ಗಿ ಹಾಳುಮಾಡಬಲ್ಲದು.

ಇವತ್ತಿನ ಚೈನಿನ ಹಲ್ಲಿಗೆ ಮೂಲ ಒಂದು ಹುಳು. ಅಮೆರಿಕದ ಆರೆಗಾನ್ ರಾಜ್ಯದ ಮರ ಕೊಯ್ಯುವವ ಜೋಸೆಫ್ ಕಾಕ್ಸ್ 1946ರಲ್ಲಿ ಕಾಂಡ ಕೊರೆಯುವ ಜೀರುಂಡೆಯ ಮರಿಯನ್ನು ಗಮನಿಸಿದ. ಅದು ದವಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತ ಮರ ತಿನ್ನುತ್ತಿತ್ತು. ಅದೇ ರೀತಿ ಎಡಬಲ ಹಲ್ಲುಗಳಿರುವ ಚೈನನ್ನು ಆತ ಮಾಡಿದ. ಆದ್ದರಿಂದಲೇ ಅರ ಹಾಕುವಾಗ ಎರಡೂ ಬದಿಯ ಹಲ್ಲು ಒಂದೇ ಉದ್ದ ಉಳಿಯಬೇಕು. ಇಲ್ಲದಿದ್ದರೆ ಗರಗಸ ಒಂದು ಕಡೆಗೆ ವಾಲುತ್ತದೆ. ದುಂಡು ಅರ ಚೈನಿನ ಅಳತೆಗೆ ಹೊಂದಬೇಕು: .325 ಇಂಚು ಪಿಚ್ಚಿನದಕ್ಕೆ ಸಾಮಾನ್ಯವಾಗಿ 4.8 ಮಿಲಿಮೀಟರಿನದು. ಹಲ್ಲಿನ ಒಳಗಿನಿಂದ ಹೊರಗೆ, ಹೆಚ್ಚಿನ ಚೈನುಗಳಲ್ಲಿ 30 ಡಿಗ್ರಿ ಕೋನದಲ್ಲಿ, ಒಂದೇ ದಿಕ್ಕಿಗೆ ಅರ ಎಳೆಯಬೇಕು. ಚಕ್ಕೆಯ ಬದಲು ಹಿಟ್ಟಿನಂಥ ಪುಡಿ ಉದುರತೊಡಗಿದರೆ ಹಲ್ಲು ಮೊಂಡಾಗಿದೆ ಎಂದೇ ಲೆಕ್ಕ. ಆಗ ಯಂತ್ರವನ್ನು ಒತ್ತಿ ಕೊಯ್ಯಬಾರದು. ಒತ್ತುವ ಕೈ ದಣಿಯುತ್ತದೆ, ಹಿಡಿತ ತಪ್ಪುತ್ತದೆ. ಆಗ ಬಾರ್ ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ಕ್ಷಣಾರ್ಧದಲ್ಲಿ ಮುಖದತ್ತ ಎಗರುತ್ತದೆ.

ನಗರದ ಮರಕ್ಕೆ ಕಾಡಿನ ಮರಕ್ಕಿಲ್ಲದ ತೊಂದರೆಗಳಿವೆ. ಬ್ಯಾನರ್ ಕಟ್ಟಲು ಹೊಡೆದ ಮೊಳೆ, ಕೇಬಲ್ ತಂತಿ ತೊಗಟೆಯೊಳಗೆ ಹುದುಗಿರುತ್ತವೆ. ಬುಡಮೇಲಾದ ಬೇರಿನಲ್ಲಿ ಮಣ್ಣು, ಗರಸು. ಇವುಗಳಿಗೆ ಒಮ್ಮೆ ತಾಗಿದರೂ ಸಾಕು, ಹೊಸ ಹಲ್ಲು ಮೊಂಡಾಗುತ್ತದೆ. ಬೇರಿನ ಭಾಗವನ್ನು ಕೊನೆಗೆ ಇಟ್ಟುಕೊಂಡು, ಮಣ್ಣು ಕೆರೆದು ತೆಗೆದೇ ಕೊಯ್ಯುವುದು ಜಾಣತನ. ಬಾರ್, ಚೈನಿಗೆ ಹಾಕುವ ಎಣ್ಣೆಯ ವಿಷಯದಲ್ಲಂತೂ ಉಳಿತಾಯ ಸಲ್ಲದು. ಗಾಡಿಯಿಂದ ಇಳಿಸಿದ ಸುಟ್ಟ ಎಣ್ಣೆಯಲ್ಲಿ ಲೋಹದ ಕಣಗಳಿರುತ್ತವೆ, ಅವು ಪಂಪನ್ನೂ ಬಾರನ್ನೂ ತಿನ್ನುತ್ತವೆ.

ನಿಂತ ಮರ ಕಡಿಸುವ ಮೊದಲು ನೀರು, ನೆಲ, ಮರಗಳ ರಕ್ಷಣೆಯ 2002ರ ವಾಲ್ಟಾ ಕಾಯ್ದೆಯಡಿ ಅನುಮತಿ ಪಡೆಯಲೇಬೇಕು. ಮರ ಬಿದ್ದು ಕೊಯ್ಯುವವರನ್ನು ಕರೆಸಿದಾಗ ಹೆಲ್ಮೆಟ್, ಕನ್ನಡಕ, ಕಾಲಿನ ರಕ್ಷಾಕವಚ ಇವೆಯೇ ಎಂದು ಕೇಳಿ. ತಂತಿ ತಾಗಿದ್ದರೆ ವಿದ್ಯುತ್ ಕಂಪನಿಯವರು ಸರಬರಾಜು ನಿಲ್ಲಿಸಿದ್ದಾರೆಂದು ಖಚಿತವಾಗುವವರೆಗೆ ಯಾರನ್ನೂ ಮರದ ಹತ್ತಿರ ಬಿಡಬೇಡಿ. ಕೆಲಸದ ನಡುವೆ ಮರ ಕೊಯ್ಯುವವ ಗರಗಸ ನಿಲ್ಲಿಸಿ ಚೈನು ಬಿಗಿಯಲು, ಅರ ಹಾಕಲು ಕೂತರೆ ದಯವಿಟ್ಟು ಅವಸರಪಡಿಸಬೇಡಿ. ಆ ಹೊತ್ತಿಗೂ ಕೂಲಿ ಕೊಡಿ.