ತೆಳುಗಾಳಿಯ ಊರಿನವರ ರಕ್ತ

ಚಳಿಗಾಲ ಬಂತೆಂದರೆ ನಮ್ಮ ಊರುಗಳ ಫುಟ್‌ಪಾತಿನಲ್ಲಿ ಸ್ವೆಟರ್ ರಾಶಿ ಹಾಕಿಕೊಂಡು ಕೂರುವ ಟಿಬೆಟನ್ನರನ್ನು ನೀವು ನೋಡಿರುತ್ತೀರಿ. ಅವರಲ್ಲಿ ಎಷ್ಟೋ ಮಂದಿ ಬೈಲಕುಪ್ಪೆ, ಮುಂಡಗೋಡಗಳಲ್ಲೇ ಹುಟ್ಟಿ ಮೆಕ್ಕೆಜೋಳದ ಹೊಲಗಳ ನಡುವೆ ಬೆಳೆದವರು. ಆದರೂ ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಬದುಕುವ ಉಪಾಯವೊಂದು ಅವರ ಮೈಯಲ್ಲಿ ಹಾಗೇ ಇದೆ. ಆ ಉಪಾಯ ಶ್ವಾಸಕೋಶದಲ್ಲಿ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಮುಖ್ಯವಾಗಿ ಅದಿರುವುದು ರಕ್ತದಲ್ಲಿ.

ನಾವೆಳೆದುಕೊಂಡ ಗಾಳಿ, ಇಪ್ಪತ್ತಕ್ಕೂ ಹೆಚ್ಚು ಸಲ ಕವಲೊಡೆಯುವ ನಾಳಗಳನ್ನು ದಾಟಿ, ದ್ರಾಕ್ಷಿಗೊಂಚಲಿನಂಥ ವಾಯುಕೋಶಗಳಿಗೆ ತಲುಪುತ್ತದೆ. ಇವುಗಳ ಲೆಕ್ಕ ಎಲ್ಲರಲ್ಲೂ ಒಂದೇ ಅಲ್ಲ. ಒಬ್ಬರಲ್ಲಿ 30 ಕೋಟಿ ಇದ್ದರೆ ಇನ್ನೊಬ್ಬರಲ್ಲಿ 60 ಕೋಟಿ ಇರಬಹುದು. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ತಲೆಗೂದಲಿನ ನೂರನೇ ಒಂದು ಪಾಲಿನಷ್ಟು ತೆಳು. ಅಲ್ಲಿ ಪಂಪೂ ಇಲ್ಲ, ಕವಾಟವೂ ಇಲ್ಲ. ವಾಯುಕೋಶದಲ್ಲಿ ಆಮ್ಲಜನಕದ ಒತ್ತಡ ಸುಮಾರು 100 ಮಿ.ಮೀ. ಪಾದರಸದಷ್ಟು, ಮೈಯೆಲ್ಲ ಸುತ್ತಿ ಬಂದ ರಕ್ತದಲ್ಲಿ 40. ತುಂಬಿದ ಕೆರೆಯಿಂದ ಗದ್ದೆಗೆ ನೀರು ಇಳಿದಂತೆ ಆಮ್ಲಜನಕ ತಾನಾಗಿ ರಕ್ತಕ್ಕಿಳಿಯುತ್ತದೆ. ಇಂಗಾಲದ ಡೈಆಕ್ಸೈಡ್ ಎದುರು ದಿಕ್ಕಿನಲ್ಲಿ ಹೊರಬರುತ್ತದೆ. ಕೆಂಪು ರಕ್ತಕಣವೊಂದು ಇಲ್ಲಿ ನಿಲ್ಲುವುದು ಮುಕ್ಕಾಲು ಸೆಕೆಂಡು ಮಾತ್ರ. ಆ ಹೊತ್ತಿನ ಮೂರನೇ ಒಂದು ಪಾಲು ಕಳೆಯುವಷ್ಟರಲ್ಲಿ ಕಣದ ಬುಟ್ಟಿ ತುಂಬಿರುತ್ತದೆ.

ಎತ್ತರದ ಗಾಳಿಯಲ್ಲಿ ಆಮ್ಲಜನಕದ ಪಾಲೇ ಕಡಿಮೆ ಎಂಬ ಮಾತು ತಪ್ಪು. 3,500 ಮೀಟರ್ ಎತ್ತರದ ಲೇಹ್‌ನಲ್ಲೂ ಅದು ಶೇ 21. ಇಳಿಯುವುದು ಗಾಳಿಯ ಒತ್ತಡ; ಅಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡು ಪಾಲಿನಷ್ಟು. ಕೆರೆಯ ನೀರಿನ ಮಟ್ಟವೇ ತಗ್ಗಿದ ಮೇಲೆ ಕಾಲುವೆಗೆ ರಭಸ ಎಲ್ಲಿಂದ ಬರಬೇಕು?

ಆಗ ಮೂತ್ರಪಿಂಡಗಳು ಹೆಚ್ಚು ರಕ್ತಕಣ ತಯಾರಿಸುವಂತೆ ಮೂಳೆಮಜ್ಜೆಗೆ ಹಾರ್ಮೋನಿನ ಮೂಲಕ ಹೇಳಿ ಕಳಿಸುತ್ತವೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತವಾಸಿಗಳು ನೆಚ್ಚಿಕೊಂಡಿರುವುದು ಈ ದಾರಿಯನ್ನೇ. ಆದರೆ ನಮ್ಮಲ್ಲಿ ‘ರಕ್ತ ಕಡಿಮೆ ಇದೆ’ ಎಂದರೆ ಹೇಗೆ ಗಾಬರಿಯೋ, ಮಿತಿಮೀರಿ ಹೆಚ್ಚಿದರೂ ಅಷ್ಟೇ ಗಾಬರಿಯಾಗಬೇಕು. ರಕ್ತ ಗಟ್ಟಿಯಾಗಿ ಹರಿಯಲು ಕಷ್ಟಪಡುತ್ತದೆ. ತಲೆನೋವು, ಏದುಸಿರು, ತುಟಿ ನೀಲಿಗಟ್ಟುವುದು ಶುರುವಾಗುತ್ತದೆ. ಪೆರು ದೇಶದ ವೈದ್ಯ ಕಾರ್ಲೋಸ್ ಮೊಂಗೆ 1925ರಲ್ಲಿ ವಿವರಿಸಿದ ಈ ಕಾಯಿಲೆಗೆ ಇಂದಿಗೂ ಅವರದೇ ಹೆಸರು.

ಅಮೆರಿಕದ ಮಾನವಶಾಸ್ತ್ರಜ್ಞೆ ಸಿಂಥಿಯಾ ಬೀಲ್ ತಂಡ 1998ರಲ್ಲಿ ಪ್ರಕಟಿಸಿದ ಹೋಲಿಕೆ ನೋಡಿ. ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ, ಬೊಲಿವಿಯಾದ ಐಮಾರಾ ಗಂಡಸರ ಹಿಮೋಗ್ಲೋಬಿನ್ ಸರಾಸರಿ 19.2 ಗ್ರಾಂ, ಟಿಬೆಟನ್ ಗಂಡಸರದು 15.6. ಎರಡನೆಯದು ಬೆಂಗಳೂರಿನ ಆರೋಗ್ಯವಂತನ ರಿಪೋರ್ಟಿನಲ್ಲಿ ಕಾಣುವ ಅಂಕಿ! ಟಿಬೆಟನ್ನರು ರಕ್ತ ಗಟ್ಟಿ ಮಾಡಿಕೊಳ್ಳುವುದಿಲ್ಲ. ಹೆಚ್ಚು ಉಸಿರಾಡುತ್ತಾರೆ. ನೈಟ್ರಿಕ್ ಆಕ್ಸೈಡ್ ಅವರಲ್ಲಿ ಹೆಚ್ಚು ತಯಾರಾಗಿ ರಕ್ತನಾಳಗಳು ಹಿಗ್ಗುತ್ತವೆ. ತಿಳಿರಕ್ತ ಸಲೀಸಾಗಿ ಹರಿಯುತ್ತದೆ. ನನಗಂತೂ ಇದೇ ಜಾಣ ಉತ್ತರ ಅನ್ನಿಸುತ್ತದೆ.

ರಕ್ತ ಹೀಗೆ ತಿಳಿಯಾಗಿ ಉಳಿಯುವುದರ ಹಿಂದಿರುವ ಒಂದು ಮುಖ್ಯ ವಂಶವಾಹಿಯ ಹೆಸರು ಇಪಿಎಎಸ್1. ಬಹುಪಾಲು ಟಿಬೆಟನ್ನರಲ್ಲಿ ಅದರ ಒಂದು ವಿಶೇಷ ರೂಪವಿದೆ ಎಂದು 2010ರಲ್ಲಿ ತಿಳಿಯಿತು. 2014ರಲ್ಲಿ ಇನ್ನೂ ಸೋಜಿಗದ ಸಂಗತಿ ಹೊರಬಿತ್ತು: ಅದು ಡೆನಿಸೋವನ್ ಎಂಬ, ಅಳಿದುಹೋದ ಮಾನವಬಳಗದಿಂದ ಬೆರಕೆಯ ಮೂಲಕ ಬಂದ ಬಳುವಳಿ.

ಎಲ್ಲ ವ್ಯತ್ಯಾಸವನ್ನೂ ಹುಟ್ಟಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಆಂಡೀಸಿನವರ ಅಗಲವಾದ ಎದೆಗೂಡಿನಲ್ಲಿ ಬೆಳೆದ ಜಾಗದ ಪಾಲೂ ಇದೆ. ಬಯಲುನಾಡಿನ ಮಗುವನ್ನು ಎಳವೆಯಲ್ಲೇ ಎತ್ತರಕ್ಕೆ ಒಯ್ದರೆ ಅದರ ಶ್ವಾಸಕೋಶವೂ ಹೆಚ್ಚು ಹಿಗ್ಗಿ ಬೆಳೆಯುತ್ತದೆ. ನಲವತ್ತರ ವಯಸ್ಸಿನಲ್ಲಿ ಹೋದವರಿಗೆ ಆ ಅವಕಾಶವಿಲ್ಲ. ಅವರಿಗೆ ಉಳಿದಿರುವುದು ದಿನಗಟ್ಟಲೆ, ವಾರಗಟ್ಟಲೆ ನಿಧಾನವಾಗಿ ಒಗ್ಗಿಕೊಳ್ಳುವ ದಾರಿ. ಬೈಲಕುಪ್ಪೆಯಲ್ಲಿ ಹುಟ್ಟಿದ ಟಿಬೆಟನ್ ಹುಡುಗನಿಗೆ ಅಜ್ಜ ಅಜ್ಜಿಯರ ವಂಶವಾಹಿ ಸಿಕ್ಕಿದೆ, ಅವರು ಬಾಲ್ಯದಲ್ಲಿ ಉಸಿರಾಡಿದ ತೆಳುಗಾಳಿ ಸಿಕ್ಕಿಲ್ಲ.

ನಮಗೆ ಇವೆರಡೂ ಸಿಕ್ಕಿಲ್ಲ. ಬೆಂಗಳೂರಿನಿಂದ ವಿಮಾನದಲ್ಲಿ ಲೇಹ್‌ಗೆ ಹೋಗುವವರು ಇಳಿದ ದಿನವೇ ಬೈಕ್ ಹತ್ತಿ ಇನ್ನೂ ಎತ್ತರದ ಖರ್ದುಂಗ್ ಲಾ ಕಣಿವೆದಾರಿಯ ಕಡೆ ಹೊರಡಬೇಡಿ. ಮೊದಲೆರಡು ದಿನ ವಿಶ್ರಾಂತಿ ತೆಗೆದುಕೊಳ್ಳಿ; ಸುಮ್ಮನೆ ಕೂತಿದ್ದಾಗಲೂ ಏದುಸಿರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕೆಳಗಿಳಿಯುವ ದಾರಿ ನೋಡಿ.